ಪಾವ್ ಕಿಲೋ ಲೆಕ್ಕ, ಪೊಟ್ಟಣದ ಸಣ್ಣಕ್ಷರ: ಮುಂಬಯಿಯಲ್ಲಿ ಮನೆಸಾಮಾನು ಹೇಗೆ ನೋಡಿ ತರ್ತೀರಿ?

ಡೊಂಬಿವಲಿ ಅಕ್ಕ | ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಮೊನ್ನೆ ಎಣ್ಣೆ ತರಲು ಹೋಗಿದ್ದೆ. ಸೂರ್ಯಕಾಂತಿ ಎಣ್ಣೆಯ ಎರಡು ಪೊಟ್ಟಣ ಅಕ್ಕಪಕ್ಕ ಇದ್ದವು. ಎತ್ತರ, ಅಗಲ ಎರಡೂ ಒಂದೇ. ಒಂದಕ್ಕೆ 155 ರೂಪಾಯಿ, ಇನ್ನೊಂದಕ್ಕೆ 148. ಏಳು ರೂಪಾಯಿ ಉಳೀತು ಅಂತ 148ರದ್ದು ನಾಲ್ಕು ತಗೊಂಡು ಬಂದೆ. ಮನೆಯಲ್ಲಿ ಸ್ಟೀಲ್ ಡಬ್ಬಿಗೆ ಸುರಿದಾಗ, ಯಾವಾಗಲೂ ಕುತ್ತಿಗೆವರೆಗೆ ಬರುವ ಎಣ್ಣೆ ಅದಕ್ಕಿಂತ ಕೆಳಗೇ ನಿಂತಿತು. ಕನ್ನಡಕ ಹಾಕಿಕೊಂಡು ಪೊಟ್ಟಣ ತಿರುಗಿಸಿ ಓದಿದೆ: 850 ಗ್ರಾಂ. 155ರದ್ದು ಪೂರ್ತಿ ಒಂದು ಲೀಟರ್, ಅಂದರೆ 910 ಗ್ರಾಂ. ಲೆಕ್ಕ ಹಾಕಿದರೆ ದೊಡ್ಡದು ಕಿಲೋಗೆ 170 ರೂಪಾಯಿ, ನಾನು "ಉಳಿಸಿ" ತಂದದ್ದು ಕಿಲೋಗೆ 174.

ಮೊತ್ತ ಸಣ್ಣದು, ನಿಜ. ಆದರೆ ಹೀಗೆ ಕಣ್ಣುತಪ್ಪಿ ಹೋಗುವುದು ತಿಂಗಳಿಗೆ ಎಷ್ಟು ಸಾಮಾನಿನಲ್ಲಿ ಅಂತ ಯೋಚಿಸಿ ಆ ರಾತ್ರಿ ಬೇಜಾರಾಯಿತು. ಜೂನ್‌ನಲ್ಲಿ ಇಬ್ಬರು ಮಕ್ಕಳ ಫೀ ಕಟ್ಟಬೇಕು, ಯಜಮಾನರ ಓವರ್‌ಟೈಮ್ ನಿಂತಿದೆ. ನೀವೆಲ್ಲ ಈ ಊರಲ್ಲಿ ವರ್ಷಗಟ್ಟಲೆ ಸಂಸಾರ ತೂಗಿಸಿದವರು. ಕೂಪನ್, ಲಾಟರಿ ಬೇಡ. ದಿನಾ ಸಾಮಾನು ತರುವಾಗ ನೀವು ಏನನ್ನು ನೋಡುತ್ತೀರಿ, ಅದನ್ನು ಹೇಳಿ.

ಚೆಂಬೂರು ಕಿರಾಣಿ | ಸೋಮವಾರ, ರಾತ್ರಿ 10:35

ಅಕ್ಕ, ನಾನು ಚೆಂಬೂರಿನಲ್ಲಿ 28 ವರ್ಷ ಅಂಗಡಿ ನಡೆಸಿ ಈಗ ಮಗನ ಕೈಗೆ ಕೊಟ್ಟಿದ್ದೇನೆ. ನೀವು ನೋಡಿದ್ದು ಏಕೆ ಹೀಗಾಯಿತು ಅಂತ ಹೇಳುತ್ತೇನೆ.

ಮೊದಲು ಎಣ್ಣೆ, ಚಹಾ, ಬಿಸ್ಕತ್ತು, ಸಾಬೂನಿನಂಥ ಸಾಮಾನಿಗೆ ಇಂತಿಷ್ಟೇ ತೂಕದಲ್ಲಿ ಪೊಟ್ಟಣ ಕಟ್ಟಬೇಕು ಅಂತ ಸರ್ಕಾರದ ಪಟ್ಟಿಯೇ ಇತ್ತು. ಅರ್ಧ ಕಿಲೋ ಅಂದರೆ ಅರ್ಧ ಕಿಲೋ, ಒಂದು ಲೀಟರ್ ಅಂದರೆ ಒಂದು ಲೀಟರ್. ಆ ಪಟ್ಟಿಯನ್ನು ಕೈಬಿಟ್ಟರು. ಈಗ ಕಂಪನಿಯವರು 850, 870, ಹೇಗೆ ಬೇಕೋ ಹಾಗೆ ತುಂಬಬಹುದು, ತೂಕ ಬರೆದಿದ್ದರೆ ಸಾಕು. ಅದಕ್ಕೆ ಪ್ರತಿಯಾಗಿ ಗಿರಾಕಿಗೆ ಕೊಟ್ಟದ್ದು "ಯೂನಿಟ್ ಸೇಲ್ ಪ್ರೈಸ್": ಎಂಆರ್‌ಪಿ ಹತ್ತಿರವೇ, ಗ್ರಾಂಗೆ ಅಥವಾ ಕಿಲೋಗೆ ಇಷ್ಟು ಅಂತ ದರ. 2024ರ ಜನವರಿಯಿಂದ ಇದು ಕಡ್ಡಾಯ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ.

ಆದರೆ ಅದರಲ್ಲೂ ಒಂದು ಸೂಕ್ಷ್ಮ ಇದೆ, ಗಮನಿಸಿ. ಪೈಸೆಗೆ ಎರಡು ಅಂಕಿ ಮಾತ್ರ ಬರೆಯುತ್ತಾರೆ. ನಿಮ್ಮ 155ರ ಎಣ್ಣೆ ಗ್ರಾಂಗೆ 0.170, 148ರದ್ದು 0.174. ಎರಡರ ಮೇಲೂ ಅಚ್ಚಾಗುವುದು 0.17 ಅಂತಲೇ! ನಿಮ್ಮ ಮನೆಯಲ್ಲಿರುವ ಪೊಟ್ಟಣ ತೆಗೆದು ನೋಡಿ. ಅದಕ್ಕೇ ನಾನು ಗಿರಾಕಿಗಳಿಗೆ ಹೇಳುವುದು, ಮೊಬೈಲಿನಲ್ಲಿ ಬೆಲೆಯನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸಿ. ಹತ್ತು ಸೆಕೆಂಡಿನ ಕೆಲಸ.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅನ್ನುವ ನಂಬಿಕೆಯನ್ನೂ ಬಿಡಿ. ಶಾಂಪೂ ತಗೊಳ್ಳಿ. ಎಷ್ಟೋ ಕಂಪನಿಯದು ಸ್ಯಾಶೆ ಲೆಕ್ಕದಲ್ಲಿ ಬಾಟಲಿಗಿಂತ ಸೋವಿ ಬೀಳುತ್ತದೆ. ಐದು, ಹತ್ತು ರೂಪಾಯಿಯ ಬಿಸ್ಕತ್ತಿನಲ್ಲಿ ಬೆಲೆ ಹತ್ತು ವರ್ಷದಿಂದ ಅದೇ, ಒಳಗಿನ ತೂಕ ಮಾತ್ರ ಕರಗುತ್ತಾ ಬಂದಿದೆ. "ಒಂದಕ್ಕೆ ಒಂದು ಫ್ರೀ" ಇದ್ದರೆ ಮೊದಲು ತಾರೀಖು ನೋಡಿ. ಅವಧಿ ಹತ್ತಿರ ಬಂದ ಮಾಲನ್ನು ನಾವೂ ಹಾಗೇ ಖಾಲಿ ಮಾಡುತ್ತಿದ್ದೆವು. ತಿಂಗಳೊಳಗೆ ಮುಗಿಸುವ ಸಾಮಾನಾದರೆ ಧಾರಾಳವಾಗಿ ತಗೊಳ್ಳಿ, ಅದು ನಿಜವಾದ ಲಾಭ.

ಘನ್ಸೋಲಿ ಧಾರವಾಡದಾಂವ | ಸೋಮವಾರ, ರಾತ್ರಿ 11:10

ಪೊಟ್ಟಣದ ಮಾತು ಆತು, ಕಾಯಿಪಲ್ಲೆದ್ದು ನಾ ಹೇಳ್ತೀನಿ. 2016ರಾಗ ಮುಂಬೈಗೆ ಬಂದ ಮೊದಲನೇ ವಾರ ಘಾಟ್ಕೋಪರ್ ಸ್ಟೇಷನ್ ಹೊರಗ ಬೀನ್ಸ್ ಕೇಳಿದೆ. "ಚಾಲೀಸ್" (ನಲವತ್ತು) ಅಂದ್ಳು ಮಾರೋ ಬಾಯಿ. ನಮ್ಮ ಕಡೆ ರೇಟ್ ಹೇಳಿದ್ರ ಕಿಲೋದ್ದು ಅಂತನ ಅರ್ಥ. ಒಂದ್ ಕಿಲೋ ಕಟ್ಟು ಅಂದೆ. ಕಟ್ಟಿ ಕೈಯಾಗಿಟ್ಟು "ಏಕ್ ಸೌ ಸಾಠ್" (ನೂರಾ ಅರವತ್ತು) ಅಂದ್ಳು. ಈ ಊರಾಗ ಹೇಳೋ ರೇಟೆಲ್ಲ ಪಾವ್ ಕಿಲೋದ್ದು, ಅಂದ್ರ 250 ಗ್ರಾಮಿಂದು. ಆಕಿ ಸುಳ್ಳು ಹೇಳಿರ್ಲಿಲ್ಲ, ನನಗ ಊರಿನ ಭಾಷೆ ಗೊತ್ತಿರ್ಲಿಲ್ಲ.

ಆವತ್ತಿಂದ ಏನ್ ಕೇಳಿದ್ರೂ ನಾಲ್ಕರಿಂದ ಗುಣಿಸಿ ನೋಡ್ತೀನಿ. ಅರ್ಧ ಕಿಲೋ ರೇಟ್ ಬ್ಯಾರೆ ಕೇಳ್ರಿ. ಪಾವ್ 40 ಇದ್ರ ಅರ್ಧ ಕಿಲೋ 70ಕ್ಕ ಕೊಡ್ತಾರ. ಮನ್ಯಾಗ ನಾಲ್ಕು ಮಂದಿ ಇದ್ರ ಅರ್ಧ ಕಿಲೋನ ತಗೋರಿ, ಎರಡು ದಿವಸ ಬರ್ತದ. ಸೊಪ್ಪು ರಾತ್ರಿ ಒಂಬತ್ತರ ಮ್ಯಾಲೆ ಅರ್ಧ ರೇಟಿಗೆ ಬರ್ತದ, ಖರೆ, ಮರುದಿವಸ ಮುಂಜಾನೆನ ಮಾಡಿ ಮುಗಿಸಬೇಕು.

ಮುಲುಂಡ್ ವಾಸಿ | ಮಂಗಳವಾರ, ಬೆಳಿಗ್ಗೆ 8:05

ನನ್ನ ಸೂತ್ರ ಒಂದೇ. ಎಲ್ಲಿ ಹೋದರೂ ಹೇಳಿದ್ದರ ಅರ್ಧಕ್ಕೆ ಕೇಳುವುದು. ಲಿಂಕಿಂಗ್ ರೋಡ್ ಇರಲಿ, ಭಾಜಿ ಗಲ್ಲಿ ಇರಲಿ. ಮೇಲೆ ಕೊತ್ತಂಬರಿ, ಹಸಿಮೆಣಸು ಫ್ರೀ ಹಾಕಿಸಿಕೊಳ್ಳದೆ ನಾನು ಜಾಗ ಬಿಡುವುದಿಲ್ಲ. ನಾವು ಬಿಟ್ಟರೆ ಅವರು ಬಿಡುತ್ತಾರೆಯೇ?

ಘನ್ಸೋಲಿ ಧಾರವಾಡದಾಂವ | ಮಂಗಳವಾರ, ಬೆಳಿಗ್ಗೆ 8:40

ಮುಲುಂಡ್ ಅಣ್ಣಾರ, ಸಿಟ್ಟಾಗಬ್ಯಾಡ್ರಿ, ಆದ್ರ ಇದನ್ನ ಹೇಳದ ಇರಾಕ ಆಗೂದಿಲ್ಲ. ಲಿಂಕಿಂಗ್ ರೋಡಿನ ಚಪ್ಪಲಿ, ಫ್ಯಾಶನ್ ಸ್ಟ್ರೀಟಿನ ಶರ್ಟು, ಅಲ್ಲಿ ಮೂರು ಪಟ್ಟು ಏರಿಸಿನ ಹೇಳ್ತಾರ, ಅರ್ಧಕ್ಕ ಕೇಳೂದು ಬರೋಬ್ಬರಿ. ಕಾಯಿಪಲ್ಲೆ ಹಂಗಲ್ರಿ.

ನಮ್ಮವ್ವ ಗದಗಿನ ಸಂತ್ಯಾಗ ಹತ್ತು ವರ್ಷ ಮೆಂತೆ, ಸಬ್ಬಸಗಿ ಮಾರ್ಯಾಳ. ಮುಂಜಾನೆ ಮೂರಕ್ಕ ಎದ್ದು ಸಿವುಡು ಕಟ್ಟಿ ನೀರು ಹೊಡದು ಬುಟ್ಟಿ ಹೊತ್ತು ಹೋಗಾಕಿ. ಹತ್ತು ರೂಪಾಯಿದಾಗ ಆಕಿಗೆ ಉಳಿಯೂದು ಒಂದೂವರೆ, ಎರಡು. ಮಂದಿ ಎರಡು ರೂಪಾಯಿ ಇಳಿಸಿದ್ರ ಆಕಿ ದುಡಿದದ್ದೆಲ್ಲ ಹೋತು. ಸಂಜೀಕ ಬಾಡಿದ ಸೊಪ್ಪು ವಾಪಸ್ ತಂದ್ರ ನಮ್ಮ ಮನ್ಯಾಗ ಅದ ಊಟ. ವಸಈ ಕಡೆಯಿಂದ ನಸುಕಿನ ಲೋಕಲ್‌ನ್ಯಾಗ ಬುಟ್ಟಿ ತರೋ ಹೆಣ್ಮಕ್ಕಳನ್ನ ನೋಡಿದ್ರ ನನಗ ಅವ್ವನ ನೆನಪಾಗ್ತದ. ಅವರ ಹಂತ್ಯಾಕ ತೂಕ ನೋಡ್ರಿ, ತಾಜಾ ನೋಡ್ರಿ, ಹುಳ ನೋಡ್ರಿ, ರೇಟ್ ಸೇರಲಿಲ್ಲಂದ್ರ ಮುಂದ ಹೋಗ್ರಿ. ಹೇಳಿದ್ದರಾಗ ಅರ್ಧ ಮಾಡಬ್ಯಾಡ್ರಿ. ಏಸಿ ಅಂಗಡ್ಯಾಗ ಸುಮ್ಮನ ಬಿಲ್ ಕೊಟ್ಟು ಬರೋ ನಾವು ಬುಟ್ಟಿ ಮುಂದ ಯಾಕ ಅಷ್ಟು ಗಟ್ಟಿ ದನಿ ತೆಗೀಬೇಕು?

ಮುಲುಂಡ್ ವಾಸಿ | ಮಂಗಳವಾರ, ಮಧ್ಯಾಹ್ನ 1:15

ನಾನು ಈ ರೀತಿ ಯೋಚಿಸಿರಲಿಲ್ಲ. ಮಾಲ್‌ನಲ್ಲಿ ಬಿಲ್ ಓದದೆ ಜೇಬಿಗೆ ಹಾಕಿಕೊಳ್ಳುವವನು ನಾನೇ. ಮಾತು ಒಪ್ಪಿದೆ.

ಠಾಣೆ ಹೋಟೆಲ್ | ಮಂಗಳವಾರ, ಸಂಜೆ 4:30

ಒಳ್ಳೆಯ ಚರ್ಚೆ ಮಾರಾಯ್ರೆ. ನಾನು ಕುಂದಾಪುರದವ, ಹೋಟೆಲ್ ನಡೆಸುವವ. ದಿನಾ ಮಾಲು ಕೊಳ್ಳುವುದೇ ನನ್ನ ಕೆಲಸ. ತೂಕದ ಬಗ್ಗೆ ಎರಡು ಮಾತು ಉಂಟು.

ತಕ್ಕಡಿಯ ಮೇಲೆ ಸಂಶಯ ಬಂದರೆ ಜಗಳ ಬೇಡ. ಒಂದು ಕಿಲೋದ ಸೀಲ್ ಒಡೆಯದ ಉಪ್ಪಿನ ಪ್ಯಾಕೆಟ್ ಚೀಲದಲ್ಲಿದ್ದರೆ ಅದನ್ನೇ ತಕ್ಕಡಿಯಲ್ಲಿ ಇಡಿ. ಪ್ಲಾಸ್ಟಿಕ್ಕಿನ ಭಾರ ಸೇರಿ ಸಾವಿರದ ಮೇಲೆ ಐದಾರು ಗ್ರಾಂ ತೋರಿಸಬೇಕು. ಸಾವಿರದ ನೂರು ತೋರಿಸಿತೋ, ಆ ತಕ್ಕಡಿ ನಿಮ್ಮ ಕಿಸೆಯಿಂದ ನೂರು ಗ್ರಾಂ ತೆಗೆಯುತ್ತಾ ಉಂಟು ಎಂದೇ. ಚೀಲ ಅಥವಾ ಪಾತ್ರೆ ಇಟ್ಟ ಮೇಲೆ ಸೊನ್ನೆ ಮಾಡಿದ್ದಾರಾ ನೋಡಿ. ಮಿಠಾಯಿ ಅಂಗಡಿಯಲ್ಲಿ ರಟ್ಟಿನ ಡಬ್ಬಿ ಸೇರಿಸಿ ತೂಗುವುದು ಬಹಳ. ಕಾಜೂ ಕತ್ಲಿಯ ದರದಲ್ಲಿ ರಟ್ಟು ಕೊಂಡ ಹಾಗೆ ಆಯಿತು.

ಗ್ಯಾಸ್ ಸಿಲಿಂಡರ್: ಒಳಗೆ 14.2 ಕಿಲೋ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. 15.3 ಅಂತಿದ್ದರೆ ಒಟ್ಟು 29.5 ಬರಬೇಕು. ತಂದವನ ಹತ್ತಿರ ತಕ್ಕಡಿ ಇರಬೇಕಾದ್ದು, ಕೇಳಿ ತೂಗಿಸಿ. ಪೆಟ್ರೋಲಿಗೂ ಹಾಗೆಯೇ. ಪ್ರತಿ ಪಂಪಿನಲ್ಲಿ 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಇರುತ್ತದೆ, ಅಳೆದು ತೋರಿಸಿ ಅನ್ನಲು ನಿಮಗೆ ಹಕ್ಕು ಉಂಟು.

ಮೀನಿನವರಿಗೆ: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲರ್ ಬಂದ್. ಆ ಎರಡು ತಿಂಗಳು ಪಾಪ್ಲೆಟ್ ಕೊಂಡರೆ ಐಸಿನದ್ದಕ್ಕೆ ಚಿನ್ನದ ಬೆಲೆ. ಈಗಲೇ ಒಣಮೀನು ತೆಗೆದಿಡಿ. ಕೋಳಿಣಿಯರು (ಮೀನು ಮಾರುವ ಹೆಂಗಸರು) ವಾಟಾ, ಅಂದರೆ ರಾಶಿ ಲೆಕ್ಕದಲ್ಲಿ ಕೊಡುತ್ತಾರೆ, ಮೇಲೆ ಚೆಂದದ್ದು ಜೋಡಿಸಿರುತ್ತಾರೆ. ಅಡಿಯದ್ದರ ಕಿವಿರು ಎತ್ತಿ ಕೆಂಪು ಉಂಟಾ ನೋಡಿ.

ಇನ್ನು ನನ್ನ ಧಂದೆಯ ಮಾತು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರೆ ತೆಗೆಸಬಹುದು. 2022ರ ಜುಲೈಯಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿ ಸೇರಿಸಬಾರದು ಎಂದಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಒಳಗೆ ಕೂತು ಕುಡಿದ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ತಗೊಂಡರು ಅಂತ ಜಗಳ ಮಾಡಬೇಡಿ. ಹೋಟೆಲಿನವರು ಹೆಚ್ಚು ತಗೊಳ್ಳಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಗಡಿಯಲ್ಲಾದರೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಮೇಲೆ ಜಿಎಸ್‌ಟಿ ಅಂತ ಕೇಳುವ ಹಾಗಿಲ್ಲ.

ಗೋರೆಗಾಂವ್ ನರ್ಸ್ | ಮಂಗಳವಾರ, ರಾತ್ರಿ 10:20

ಯಾರೂ ಔಷಧಿಯ ಸುದ್ದಿ ಎತ್ತಲಿಲ್ಲ. ಎಣ್ಣೆಯಲ್ಲಿ ಮೂರು ರೂಪಾಯಿ ಉಳಿಸುವ ಮನೆಯಲ್ಲೇ ಬಿಪಿ, ಸಕ್ಕರೆ ಮಾತ್ರೆಗೆ ತಿಂಗಳಿಗೆ ಎರಡು ಸಾವಿರ ಸುಮ್ಮನೆ ಹೋಗುತ್ತಿರುತ್ತದೆ.

ನನ್ನ ಅತ್ತೆಯವರ ಚೀಟಿ ಹಿಡಿದು ಒಂದು ದಿನ ಕೂತೆ. ಬ್ರಾಂಡ್ ಹೆಸರಿನ ಕೆಳಗೆ ಸಣ್ಣದಾಗಿ ಒಳಗಿನ ಮದ್ದಿನ ಹೆಸರಿರುತ್ತದೆ: ಟೆಲ್ಮಿಸಾರ್ಟನ್ 40, ಮೆಟ್‌ಫಾರ್ಮಿನ್ 500. ಅದನ್ನು ಬರೆದುಕೊಂಡು ಡಾಕ್ಟರರಿಗೆ ತೋರಿಸಿ, "ಇದೇ ಮದ್ದು ಜನೌಷಧಿಯಿಂದ ತರಬಹುದೇ" ಅಂತ ಕೇಳಿದೆ. ಧಾರಾಳವಾಗಿ ಅಂದರು. ತಿಂಗಳ ಖರ್ಚು ಮೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಬಿಪಿಯನ್ನು ನಾನೇ ವಾರಕ್ಕೆರಡು ಸಲ ನೋಡುತ್ತಿದ್ದೇನೆ, ಏರಿಲ್ಲ. ಹತ್ತಿರದ ಕೇಂದ್ರ ಎಲ್ಲಿದೆ, ಯಾವ ಮಾತ್ರೆಗೆ ಎಷ್ಟು ಅಂತ "ಜನೌಷಧಿ ಸುಗಮ್" ಆಪ್‌ನಲ್ಲಿ ಸಿಗುತ್ತದೆ. ಬ್ರಾಂಡಿನದ್ದೇ ಬೇಕಿದ್ದರೆ, ಸರ್ಕಾರ ನಿಗದಿ ಮಾಡಿದ ದರವನ್ನು "ಫಾರ್ಮಾ ಸಹೀ ದಾಮ್" ಆಪ್‌ನಲ್ಲಿ ನೋಡಬಹುದು.

ಆದರೆ ಥೈರಾಯ್ಡ್, ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಡಾಕ್ಟರರನ್ನು ಕೇಳದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸಲೇಬೇಡಿ. ಅಲ್ಲಿ ಉಳಿತಾಯದ ಲೆಕ್ಕ ಮಾಡುವುದು ತಪ್ಪು.

ಐರೋಲಿ ಕೋಡರ್ | ಬುಧವಾರ, ರಾತ್ರಿ 12:10

ಆಪ್‌ಗಳ ಒಳಗೆ ಕೆಲಸ ಮಾಡುವವನು ನಾನು, ಆದ್ದರಿಂದ ಹೇಳುತ್ತೇನೆ. "ಇನ್ನು ಎರಡೇ ಉಳಿದಿವೆ", "ಈಗ 14 ಜನ ನೋಡುತ್ತಿದ್ದಾರೆ", ಕೆಳಗೆ ಓಡುವ ಗಡಿಯಾರ, ಇವೆಲ್ಲ ನಿಮ್ಮ ಬೆರಳನ್ನು ಅವಸರಪಡಿಸಲು ಇಟ್ಟವು. ಇಂಥ ಆಟಗಳನ್ನು ಸರ್ಕಾರವೇ ಹದಿಮೂರು ಬಗೆಯಾಗಿ ಹೆಸರಿಸಿ 2023ರ ನವೆಂಬರ್ 30ರಂದು ನಿಷೇಧಿಸಿದೆ. ಬುಟ್ಟಿಗೆ ನೀವು ಹಾಕದ ವಸ್ತುವನ್ನೋ ದೇಣಿಗೆಯನ್ನೋ ಮೆಲ್ಲಗೆ ಸೇರಿಸುವುದು, ಕೊನೆಯ ಪರದೆಯಲ್ಲಿ ಹ್ಯಾಂಡ್ಲಿಂಗ್ ಫೀ ತೋರಿಸುವುದು, ಸೇರಲು ಒಂದು ಒತ್ತು ಸಾಕಾದ ಚಂದಾದಾರಿಕೆ ಬಿಡಲು ಆರು ಪರದೆ ದಾಟಿಸುವುದು, ಎಲ್ಲ ಆ ಪಟ್ಟಿಯಲ್ಲಿವೆ. ನಿಷೇಧವಾದರೂ ಈಗಲೂ ಕಾಣಸಿಗುತ್ತವೆ.

ನಾನು ಮಾಡುವುದು: ಬುಟ್ಟಿಗೆ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಹಣ ಕಟ್ಟುವ ಮೊದಲು ಬಿಲ್ಲಿನ ಸಾಲು ಸಾಲು ಓದುತ್ತೇನೆ. ಹೊಡೆದುಹಾಕಿದ ದೊಡ್ಡ ಬೆಲೆಯನ್ನು ನೋಡುವುದೇ ಇಲ್ಲ, ಅದೇ ಮಾಲು ಬೇರೆ ಎರಡು ಕಡೆ ಎಷ್ಟಿದೆ ಅಂತ ಮಾತ್ರ ನೋಡುತ್ತೇನೆ.

"ನೋ ಕಾಸ್ಟ್ ಇಎಂಐ" (ಬಡ್ಡಿಯಿಲ್ಲದ ಕಂತು) ನಂಬುವ ಮುನ್ನ ಒಂದೇ ಪ್ರಶ್ನೆ ಕೇಳಿ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು? ಬಡ್ಡಿ ಎಲ್ಲೂ ಮಾಯವಾಗುವುದಿಲ್ಲ, ರಿಯಾಯಿತಿಯ ರೂಪದಲ್ಲಿ ಅಡಗಿರುತ್ತದೆ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಮೇಲೆ ಪ್ರೊಸೆಸಿಂಗ್ ಫೀ, ಎರಡೂ ನಿಮ್ಮ ಕಾರ್ಡಿಗೇ ಬೀಳುತ್ತವೆ.

ಮಾಟುಂಗಾ ಅಜ್ಜಿ | ಬುಧವಾರ, ಬೆಳಿಗ್ಗೆ 11:00

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಮದುವೆ ಸೀಸನ್ ಬಂತು, ಚಿನ್ನದ ಮಾತು ಹೇಳಿಬಿಡುತ್ತೇನೆ. ಒಡವೆಯ ಮೇಲೆ ಮೂರು ಗುರುತು ಇರಬೇಕು: ಬಿಐಎಸ್ ಮುದ್ರೆ, 22ಕೆ916 ಅಂತ ಶುದ್ಧತೆ, ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಅಂಗಡಿಯಲ್ಲೇ ಕೂತು "ಬಿಐಎಸ್ ಕೇರ್" ಆಪ್‌ನಲ್ಲಿ ಆ ಆರು ಅಕ್ಷರ ಹಾಕಿ ನೋಡಿ. ಹರಳಿನ ತೂಕ ಕಳೆದು ಬಿಲ್ ಮಾಡಿಸಿ. ಮೇಕಿಂಗ್ ಚಾರ್ಜ್ ಕೇಳಿದರೆ ಕಡಿಮೆ ಮಾಡುತ್ತಾರೆ, ಕೇಳದವರಿಗೆ ಮಾಡುವುದಿಲ್ಲ.

ಡೊಂಬಿವಲಿ ಅಕ್ಕ | ಶನಿವಾರ, ರಾತ್ರಿ 9:15

ಎಲ್ಲರಿಗೂ ಕೈಮುಗಿದೆ. ಮೊದಲು ಎಣ್ಣೆಯ ಪೊಟ್ಟಣ ತೆಗೆದು ನೋಡಿದೆ. ಚೆಂಬೂರು ಅಣ್ಣ ಹೇಳಿದ ಹಾಗೇ 0.17 ಅಂತಲೇ ಇದೆ. ಪಕ್ಕದ ಮನೆಯಿಂದ ಒಂದು ಲೀಟರಿನದ್ದು ತಂದು ಜೋಡಿಸಿದೆ, ಅದರ ಮೇಲೂ 0.17! ಮಗಳಿಗೆ ಗಣಿತದ ಪಾಠವಾಯಿತು.

ಇವತ್ತು ಒಂದು ದೊಡ್ಡ ಅಂಗಡಿಗೆ ಹೋಗಿದ್ದೆವು. ಕಪಾಟಿನ ಚೀಟಿಯಲ್ಲಿ ಬಟ್ಟೆ ಸೋಪಿನ ಪುಡಿ 239 ಅಂತಿತ್ತು. ಮಗಳು ಅದರ ಫೋಟೋ ತೆಗೆದಿಟ್ಟಳು. ಬಿಲ್ಲಿನಲ್ಲಿ 265 ಬಂತು. ಮೊದಲಾದರೆ ನಾನು ಬಿಲ್ ಓದುತ್ತಲೇ ಇರಲಿಲ್ಲ. "ಸಿಸ್ಟಂನಲ್ಲಿ ಇರುವುದೇ ಬೆಲೆ" ಅಂದ ಹುಡುಗ. ಫೋಟೋ ತೋರಿಸಿ, ಮ್ಯಾನೇಜರನ್ನು ಕರೆಯಿರಿ ಅಂದೆ, ದನಿ ಎತ್ತಲಿಲ್ಲ. ಐದು ನಿಮಿಷ ಕಾದೆವು, ಹಿಂದೆ ಸಾಲು ಬೆಳೆಯಿತು, ಒಬ್ಬರು ಗೊಣಗಿದರು. 26 ರೂಪಾಯಿ ಮರಳಿ ಬಂತು. ನನ್ನ ಹಿಂದಿದ್ದ ಮರಾಠಿ ಹೆಂಗಸು ತಮ್ಮ ಬಿಲ್ ತೆಗೆದು ನೋಡಿದರು, ಅವರಿಗೂ ಅದೇ ಪುಡಿ, ಅದೇ 265. ಕೊಡದೇ ಇದ್ದಿದ್ದರೆ ಏನು ಮಾಡಬೇಕಿತ್ತು?

ಚೆಂಬೂರು ಕಿರಾಣಿ | ಶನಿವಾರ, ರಾತ್ರಿ 9:55

ಭೇಷ್ ಅಕ್ಕ. ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ದೂರಿಗೆ ಒಂದು ನಂಬರ್ ಕೊಟ್ಟು ಕಂಪನಿಗೆ ಕಳಿಸುತ್ತಾರೆ. ಅದು ಕೋರ್ಟ್ ಅಲ್ಲ, ಮಧ್ಯಸ್ಥಿಕೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಎಲ್ಲಕ್ಕೂ ಬಿಲ್ ಬೇಕು, ಬಿಸಿಯಲ್ಲಿ ಅಕ್ಷರ ಮಾಸುವ ಬಿಲ್ಲುಗಳ ಫೋಟೋ ಅಂದೇ ತೆಗೆದಿಡಿ.

ಸೋಪಿನ ಮಾತು ಬಂತಲ್ಲ. ಮೈ ಸಾಬೂನು, ಟೂತ್‌ಪೇಸ್ಟ್, ಶಾಂಪೂ, ತಲೆ ಎಣ್ಣೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ರಿಂದ 5ಕ್ಕೆ ಇಳಿದಿದೆ. ಅಂದರೆ ತೆರಿಗೆ ಸೇರಿ 118 ಇದ್ದದ್ದು 105 ಆಗಬೇಕು. ನೀವು ತರುವ ಬ್ರಾಂಡಿನ ಹಳೆಯ ಡಬ್ಬಿ ಮನೆಯಲ್ಲಿದ್ದರೆ, ಬೆಲೆಯನ್ನೂ ತೂಕವನ್ನೂ ಹೊಸದರ ಜೊತೆ ಇಟ್ಟು ನೋಡಿ.

ಮುಲುಂಡ್ ವಾಸಿ | ಶನಿವಾರ, ರಾತ್ರಿ 10:30

ವರ್ಷದ ಮೆಣಸಿನಕಾಯಿ ಯಾರಾದರೂ ತರುವವರಿದ್ದೀರಾ? ಪುಡಿ ಪೊಟ್ಟಣದ ಬಣ್ಣದ ಮೇಲೆ ನನಗೆ ನಂಬಿಕೆ ಹೋಗಿದೆ.

ಘನ್ಸೋಲಿ ಧಾರವಾಡದಾಂವ | ಶನಿವಾರ, ರಾತ್ರಿ 10:50

ಲಾಲ್‌ಬಾಗ್‌ಗೆ ಹೋಗೂಣ್ರಿ. ಏಪ್ರಿಲ್, ಮೇದಾಗ ಅಲ್ಲಿ ಮಿರ್ಚಿ ಗಲ್ಲಿ ತುಂಬಿರ್ತದ. ಬ್ಯಾಡಗಿ ಅಂತ ಹೇಳಿ ಬ್ಯಾರೆ ಕೊಡ್ತಾರ, ನಮ್ಮ ಕಡೆಯವರಿಗೆ ಗುರುತು ಸಿಗ್ತದ. ಬ್ಯಾಡಗಿಯೊಳಗ ಕಡ್ಡಿ, ಡಬ್ಬಿ ಅಂತ ಎರಡು ಥರ. ಕಡ್ಡಿ ಉದ್ದಕ, ಸಣ್ಣಗ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಹೆಚ್ಚು ಬಿಡ್ತದ. ಎರಡೂ ಅಷ್ಟೇನು ಖಾರ ಇಲ್ಲ. ಒಂದ್ ಹಿಡಿ ತಗೊಂಡು ಒತ್ತಿ ನೋಡ್ರಿ. ಒಣಗಿದ್ದು ಚರಚರ ಅಂತದ, ಮೆತ್ತಗ ಬಗ್ಗಿದ್ರ ಒಳಗ ನೀರು ಅದ, ನೀರಿಗೂ ಮೆಣಸಿನಕಾಯಿ ರೇಟ್ ಕೊಟ್ಟಂಗ. ಕೋಲ್ಡ್ ಸ್ಟೋರೇಜಿನ ಹಳೇದು ಕಪ್ಪಿಗೆ ತಿರುಗಿರ್ತದ, ವಾಸನಿನೂ ಕಮ್ಮಿ. ಚೀಲದ ಬಾಯಿದ್ದು ನೋಡಿ ಬಿಡಬ್ಯಾಡ್ರಿ, ನಡುವಿಂದು ತೆಗಿಸ್ರಿ. ನಾಲ್ಕು ಮನಿಯವರು ಸೇರಿ ಹತ್ತು ಕಿಲೋ ಒಮ್ಮೆ ತಗೊಂಡ್ರ ರೇಟ್ ತಾವ ಇಳಿಸ್ತಾರ, ನಾವು ಕೇಳೂದೇನು ಬ್ಯಾಡ. ಅಲ್ಲೇ ಡಂಕಿನಾಗ (ಕುಟ್ಟೋ ಗಿರಣ್ಯಾಗ) ಎದುರಿಗೆ ನಿಂತು ಕುಟ್ಟಿಸಬಹುದು.

ಡೊಂಬಿವಲಿ ಅಕ್ಕ | ಶನಿವಾರ, ರಾತ್ರಿ 11:05

ನನ್ನದು ಎರಡೂವರೆ ಕಿಲೋ ಬರೆದುಕೊಳ್ಳಿ. ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ಕರಿ ರೋಡ್ ಸ್ಟೇಷನ್ ಟಿಕೆಟ್ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಉಪ್ಪಿನ ಪ್ಯಾಕೆಟ್ ಚೀಲದಲ್ಲಿ ಇಟ್ಟುಕೊಂಡು ಬರುತ್ತೇನೆ.

ಗೋರೆಗಾಂವ್ ನರ್ಸ್ | ಶನಿವಾರ, ರಾತ್ರಿ 11:20

ನನಗೂ ಎರಡು ಕಿಲೋ. ನೈಟ್ ಡ್ಯೂಟಿ ಮುಗಿಸಿ ನೇರ ಬರುತ್ತೇನೆ, ಹತ್ತು ನಿಮಿಷ ತಡವಾದರೆ ಕಾಯಿರಿ.